ನಾರಾಯಣಘಾಟ್ ದಾರಿಯಲ್ಲಿ ನಾನು ಆಡಿದ ಸುಳ್ಳು

ಸಿದ್ದರಾಜುವಿನ ತಪ್ಪು ಏನೂ ಇರಲಿಲ್ಲ. ನೇಪಾಳದ ಬೆಟ್ಟದ ದಾರಿಯಲ್ಲಿ ನಮ್ಮ ಕಾರು ಕೆಟ್ಟು ನಿಂತಾಗ ನೆರವಿಗೆ ಯಾರೂ ಬಾರದೆ ಹೋದದ್ದು ನನ್ನಿಂದ. ಹೊರಡುವ ಮೊದಲು ನಾನು ಮಾಡಬೇಕಾಗಿದ್ದ ಒಂದು ಕೆಲಸವನ್ನು ಮಾಡಿರಲಿಲ್ಲ. ಮಾಡಿದ್ದೇನೆ ಎಂದು ಹೇಳಿದ್ದೆ. ಸಿಕ್ಕಿಬೀಳುವ ಹೊತ್ತು ಬಂದಾಗ — ಅವನ ಮೇಲೆ ಹೊರಿಸಿಬಿಟ್ಟೆ. ಅವನು ನಂಬಿದ. ಅವನ ತಾಯಿ ನಂಬಿದರು. ನಂಜನಗೂಡಿನ ನಮ್ಮ ಶಾಲೆಯವರೆಲ್ಲ ನಂಬಿದರು. ನಿಜ ಗೊತ್ತಿದ್ದವನು ನಾನೊಬ್ಬನೇ.

ನಾನು ಆ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ, ಸಿದ್ದರಾಜು ಪಿ.ಟಿ. ಮೇಷ್ಟ್ರು. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಅವನ ಊರು. ನನಗಿಂತ ಎರಡು ವರ್ಷ ಚಿಕ್ಕವನು. ನನ್ನ ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ನಾನೊಬ್ಬನೇ ಕೂತಿರುತ್ತೇನೆಂದು, ಭಾನುವಾರ ಬಂತೆಂದರೆ ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಅವನ ತಾಯಿ ಕೆಂಪಮ್ಮನವರು ರಾಗಿಮುದ್ದೆಯನ್ನು ತಾವೇ ಬಡಿಸುತ್ತಿದ್ದರು. ನಮ್ಮ ಮನೆತನದವರು ತಲೆಮಾರುಗಳಿಂದ ದೇವಸ್ಥಾನದ ಸೇವೆಯಲ್ಲಿದ್ದವರು. ಅಂಥವರು ಕೇರಿಯವರ ಮನೆಯಲ್ಲಿ ಕೂತು ಉಣ್ಣುವುದು ನನ್ನ ಅಪ್ಪನ ಕಾಲಕ್ಕೆ ಆಗದ ಮಾತು. ನಾನು ಉಣ್ಣುತ್ತಿದ್ದೇನೆ ಎಂಬುದರ ಬಗ್ಗೆ ನನಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಅದನ್ನೂ ಇಲ್ಲಿ ಹೇಳಿಬಿಡಬೇಕು — ಆ ಹೆಮ್ಮೆಗೂ ಆಮೇಲೆ ನಾನು ಮಾಡಿದ್ದಕ್ಕೂ ಏನೋ ನಂಟಿದೆ ಅನ್ನಿಸುತ್ತದೆ.

ಅವರದು ಬೌದ್ಧರ ಮನೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ದೊಡ್ಡ ಪಟ. ಕೆಂಪಮ್ಮನವರು ಅದನ್ನು 'ನಮ್ಮಪ್ಪ' ಎನ್ನುತ್ತಿದ್ದರು. "ನಮ್ಮಪ್ಪ ಉಟ್ಟಿದ್ ಜಾಗ ಒಂದ್ಸಲ ನೋಡ್ಬುಟ್ರೆ ಸಾಕು ಮಗ," ಎಂದು ಎಷ್ಟು ಭಾನುವಾರ ನನ್ನೊಡನೆ ಹೇಳಿದ್ದಾರೋ. ಅದು ಲುಂಬಿನಿ, ನಮ್ಮ ದೇಶದ ಗಡಿ ದಾಟಿ ನೇಪಾಳದೊಳಗೆ ಸ್ವಲ್ಪವೇ ದೂರ. ಅವರಿಗೆ ಮಂಡಿನೋವು, ಧೂಳು ತಾಗಿದರೆ ಉಬ್ಬಸ. ರೈಲು ಹತ್ತಿ ಇಳಿದು ಮಾಡುವುದು ಆಗದು. ಸಿದ್ದರಾಜು ಹೊಸದಾಗಿ ಕಾರು ಕೊಂಡಿದ್ದ. ಬೇಕಾದಲ್ಲಿ ನಿಲ್ಲಿಸಿಕೊಂಡು, ಸಾರನಾಥ, ಕುಶಿನಗರ ನೋಡಿಕೊಂಡು ದಸರಾ ರಜೆಯಲ್ಲಿ ಹೋಗಿಬರೋಣ ಎಂದು ನಿಶ್ಚಯವಾಯಿತು.

"ಗಾಡಿ ಓಡ್ಸದು ನನ್ಗೆ ಬುಡಿ. ಕಾಗ್ದ ಪತ್ರ, ಇಂಗ್ಲೀಸಲ್ಲಿ ಮಾತಾಡದು ಎಲ್ಲಾ ನಿಮ್ದು ಮೇಷ್ಟ್ರೇ," ಎಂದ ಸಿದ್ದರಾಜು.

ನನಗೆ ಅದು ಬೇಕಾಗಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಹೊರದೇಶದಲ್ಲಿ ಕಾರು ಓಡಿಸುವ ವಿಷಯವನ್ನು ಪಾಠದ ಹಾಗೆ ವಿವರಿಸತೊಡಗಿದೆ. ನಮ್ಮ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಗಡಿಯ ಈಚೆಗೆ ಮಾತ್ರ, ಆಚೆ ಟೋಲ್ ಇದ್ದಲ್ಲಿ ಕೈಯಿಂದಲೇ ಕೊಡಬೇಕು. ಗಡಿಯ ಸುಂಕದ ಕಟ್ಟೆಯಲ್ಲಿ ಇಷ್ಟು ದಿನ ಎಂದು ಗಾಡಿಗೆ ಪರವಾನಗಿ ಬರೆಸಬೇಕು. ಯಾರ ಹೆಸರಲ್ಲಿ ಗಾಡಿ ಒಳಗೆ ಹೋಯಿತೋ ಅವರೇ ಹೊರಗೆ ತರಬೇಕು. ಎಲ್ಲ ಸರಿಯಾಗಿಯೇ ತಿಳಿದುಕೊಂಡಿದ್ದೆ. ಕಾರಿನ ವಿಮೆಯವರಿಗೂ ಫೋನ್ ಮಾಡಿದ್ದೆ. ಆ ಹೆಣ್ಣುಮಗಳು ತಾಳ್ಮೆಯಿಂದ ಬಿಡಿಸಿ ಹೇಳಿದಳು — ಅಪಘಾತದ ವಿಮೆ ಬೇರೆ, ದಾರಿಯಲ್ಲಿ ಗಾಡಿ ಕೆಟ್ಟರೆ ಬಂದು ಎತ್ತಿಕೊಂಡು ಹೋಗುವ ನೆರವು ಬೇರೆ. ವಿಮೆಯನ್ನು ನೇಪಾಳಕ್ಕೂ ವಿಸ್ತರಿಸಿಕೊಡುತ್ತೇವೆ. ನೆರವು ಮಾತ್ರ ಗಡಿಯವರೆಗೆ. ಆಚೆಗೂ ಬೇಕಾದರೆ ಅಲ್ಲಿನವರ ಜೊತೆ ಮೊದಲೇ ಗೊತ್ತು ಮಾಡಬೇಕು. ಗಾಡಿಯ ವಿವರ, ಹೋಗುವ ದಾರಿ, ದಿನ ಕಳಿಸಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದಳು.

ಕಳಿಸುತ್ತೇನೆ ಎಂದೆ. ವಿಮೆಯನ್ನು ವಿಸ್ತರಿಸಿದ್ದಾಯಿತು. ಇನ್ನೊಂದನ್ನು ನಾಳೆ ಕಳಿಸೋಣ ಎಂದು ಬಿಟ್ಟೆ. ಮರುದಿನ ಸಿದ್ದರಾಜು ಕೇಳಿದ, "ಗಾಡಿ ಕೆಟ್ರೆ ಬರೋರ್ದು ಆಯ್ತಾ ಮೇಷ್ಟ್ರೇ?" ಅಲ್ಲಿ ನಾಲ್ಕು ಜನ ಕೂತಿದ್ದರು. "ಎಲ್ಲಾ ಆಗಿದೆ ಕಣೋ, ನೀನು ಸ್ಟೇರಿಂಗ್ ಹಿಡಿ ಸಾಕು," ಎಂದೆ. ಆಗಿಲ್ಲ ಎನ್ನುವುದಕ್ಕೆ ಏನು ಕಷ್ಟವಿತ್ತು? ಏನೂ ಇಲ್ಲ. ಎಲ್ಲ ತಿಳಿದವನಂತೆ ಮಾತಾಡಿದ್ದೆನಲ್ಲ, ಆ ಮುಖ ಒಂದು ದಿನದ ಮಟ್ಟಿಗೂ ಸಣ್ಣದಾಗಬಾರದಿತ್ತು — ಅಷ್ಟೇ. ಒಮ್ಮೆ 'ಆಗಿದೆ' ಎಂದಮೇಲೆ ಅದು ನನ್ನ ಮಟ್ಟಿಗೂ ಆಗಿಹೋದಂತೆಯೇ ಅನ್ನಿಸತೊಡಗಿತು. ಹೊರಡುವ ದಿನ ಬಂತು. ಹೊಸ ಗಾಡಿ, ಯಾಕೆ ಕೆಡುತ್ತದೆ ಎಂದುಕೊಂಡೆ.

ಹೋಗುವ ದಾರಿ ಚೆನ್ನಾಗಿತ್ತು. ಟೋಲ್ ಗೇಟು ತನ್ನಷ್ಟಕ್ಕೆ ತೆರೆದುಕೊಂಡಾಗಲೆಲ್ಲ ಹಿಂದಿನ ಸೀಟಿನಲ್ಲಿ ಕೆಂಪಮ್ಮನವರು ಕೈ ಮುಗಿಯುತ್ತಿದ್ದರು. "ಏನೂ ಕೇಳ್ದೆ ಬುಟ್ಬುಟ್ರಲ್ಲಪ್ಪ, ಒಳ್ಳೆ ಜನ," ಎನ್ನುತ್ತಿದ್ದರು. ನಾವಿಬ್ಬರೂ ನಗುತ್ತಿದ್ದೆವು. ಸಾರನಾಥದಲ್ಲಿ ಸ್ತೂಪದ ಸುತ್ತ ಮಗನ ಭುಜ ಹಿಡಿದು ನಡೆದರು. ಕುಶಿನಗರದಲ್ಲಿ ಮಲಗಿದ ಬುದ್ಧನ ಪಾದದ ಬಳಿ ಕೂತು ಎಷ್ಟು ಹೊತ್ತಾದರೂ ಏಳಲಿಲ್ಲ. "ಸತ್ತ ಜಾಗ ನೋಡ್ದೆ, ಇನ್ ಉಟ್ಟಿದ್ ಜಾಗ ನೋಡ್ಬೇಕು," ಎಂದು ಕಣ್ಣೊರೆಸಿಕೊಂಡರು.

ಗಡಿ ದಾಟಿದ ಮೇಲೆ ಲುಂಬಿನಿಗೆ ಅಲ್ಲಿಂದ ಒಂದು ಗಂಟೆಯ ಹಾದಿ. ಆಗ ನಾನೇ ಹೇಳಿದ್ದು — ಮೊದಲು ಕಠ್ಮಂಡುವಿಗೆ ಹೋಗಿಬರೋಣ. ನನಗೆ ಪಶುಪತಿನಾಥನ ದರ್ಶನ ಆಗಬೇಕಿತ್ತು. ಲುಂಬಿನಿ ಹೇಗೂ ಗಡಿಯ ಹತ್ತಿರ, ವಾಪಸು ಬರುವಾಗ ನಿಧಾನವಾಗಿ ನೋಡಬಹುದು ಎಂದೆ. ಸಿದ್ದರಾಜು ತಾಯಿಯ ಮುಖ ನೋಡಿದ.

"ಆಗ್ಲಿ ಮಗ," ಎಂದರು ಅವರು ನನಗೆ. "ನಿಮ್ ದ್ಯಾವ್ರನ್ನೇ ಮೊದ್ಲು ನೋಡನ. ನಮ್ಮಪ್ಪ ಎಲ್ಗೋದನು?"

ನಾರಾಯಣಘಾಟ್ ಎಂಬ ಊರು ದಾಟಿದರೆ ದಾರಿ ನದಿಯ ಪಕ್ಕದಲ್ಲೇ ಬೆಟ್ಟ ಹತ್ತುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಅಲ್ಲಲ್ಲಿ ಬರೀ ಮಣ್ಣಾಗಿತ್ತು. ನಮ್ಮ ದಸರೆಯ ಹೊತ್ತಿಗೇ ಅವರ ದೊಡ್ಡ ಹಬ್ಬ. ಊರಿಗೆ ಹೋಗುವವರ ಬಸ್ಸುಗಳು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಏರಿನಲ್ಲಿ ಒಂದಡಿ ಮುಂದೆ, ಮತ್ತೆ ನಿಲ್ಲು — ಹೀಗೆ ಅರ್ಧ ಹಗಲು ಕಳೆಯಿತು. ಕ್ಲಚ್ ಸುಟ್ಟ ವಾಸನೆ ಬಂತು. ಆಮೇಲೆ ಗಾಡಿ ಮುಂದೆ ಹೋಗಲಿಲ್ಲ. ನಾವಿಬ್ಬರೂ ತಳ್ಳಿ ಪಕ್ಕಕ್ಕೆ ಹಾಕಿದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ನದಿ. ಲಾರಿಗಳು ಎಬ್ಬಿಸುವ ಧೂಳು ಹಿಟ್ಟಿನ ಹಾಗೆ ಮೈಮೇಲೆ ಬೀಳುತ್ತಿತ್ತು. ಕಾರಿನೊಳಗೆ ಸೆಕೆ ತಾಳಲಾರದೆ ಕೆಂಪಮ್ಮನವರನ್ನು ಬಂಡೆಯ ನೆರಳಿಗೆ ಕೂರಿಸಿ, ಸೆರಗನ್ನು ಮೂಗಿಗೆ ಕಟ್ಟಿದೆವು. ಅವರ ಎದೆಯ ಸೀಟಿ ಆಗಲೇ ಕೇಳಿಸುತ್ತಿತ್ತು.

"ಮೇಷ್ಟ್ರೇ, ಅವರ್ಗೆ ಪೋನ್ ಮಾಡ್ಬುಡಿ," ಎಂದ ಸಿದ್ದರಾಜು. ಎಂಥ ಭರವಸೆ ಆ ಮುಖದಲ್ಲಿ! ಇದಕ್ಕೇ ಅಲ್ಲವೇ ಮೇಷ್ಟ್ರು ಎಲ್ಲ ಮಾಡಿಸಿಟ್ಟಿರುವುದು ಎಂಬ ಭರವಸೆ.

ಗಡಿಯಲ್ಲಿ ಕೊಂಡ ಅಲ್ಲಿನ ಸಿಮ್ ಹಾಕಿದ ಫೋನು ಹಿಡಿದು, ಸಿಗ್ನಲ್ ಇಲ್ಲ ಎಂದು ನೆಪ ಹೇಳಿ ತಿರುವಿನ ಆಚೆಗೆ ನಡೆದೆ. ಫೋನ್ ಮಾಡಿದೆ — ಮಾಡದೆ ಇರಲಿಲ್ಲ. ಆ ಕಡೆಯವರು ಗಾಡಿಯ ನಂಬರು ಕೇಳಿ, ಹುಡುಕಿ ನೋಡಿ, ನೇಪಾಳಕ್ಕೆ ನಿಮ್ಮ ನೆರವು ಇಲ್ಲ ಸಾರ್, ವಿವರ ಕಳಿಸಿ ಎಂದು ನಿಮಗೆ ತಿಳಿಸಿದ್ದೆವು, ನಿಮ್ಮಿಂದ ಬರಲಿಲ್ಲ ಎಂದರು. ಮರ್ಯಾದೆಯಾಗಿಯೇ ಹೇಳಿದರು. ನಾನು ಆ ತಿರುವಿನಲ್ಲಿ ನಿಂತೆ. ಹಿಂತಿರುಗಿ ಹೋಗಿ, 'ಸಿದ್ದು, ನಾನು ಮರೆತೆ' ಎನ್ನಬೇಕು. ಅಷ್ಟೇ ಮಾತು. ಅವನು ಬೈಯುತ್ತಲೂ ಇರಲಿಲ್ಲ, ನನಗೆ ಗೊತ್ತು. ಹೋಗಲಿ ಬುಡಿ ಎಂದು ಲಾರಿಯವರಿಗೆ ಕೈ ಅಡ್ಡ ಹಾಕುತ್ತಿದ್ದ. ಗೊತ್ತಿದ್ದೂ —

ಅವನು ತಾಯಿಗೆ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದ. "ಏನಂದ್ರು ಮೇಷ್ಟ್ರೇ? ಬತ್ತರಂತಾ?"

"ಬರಲ್ವಂತೆ. ನಾನು ಎಲ್ಲಾ ಕಳಿಸಿದ್ದೆ. ಗಾಡಿ ನಿನ್ನ ಹೆಸರಲ್ಲಿದೆ ನೋಡು, ಅದಕ್ಕೆ ನಿನ್ನ ಫೋನಿಗೆ ಮಾಡಿದ್ರಂತೆ, ಹೂಂ ಅಂತ ನೀನು ಒಪ್ಪಬೇಕಿತ್ತಂತೆ. ನೀನು ಕಟ್ ಮಾಡ್ದೆಯಂತೆ. ಅಲ್ಲಿಗೆ ಎಲ್ಲಾ ರದ್ದಾಯ್ತು."

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ಅವನ ಕೈಯಲ್ಲಿ ಟವೆಲ್ಲು ನಿಂತುಹೋಯಿತು. ನೆನಪು ಮಾಡಿಕೊಳ್ಳುತ್ತಿದ್ದ. ಯಾರ ಫೋನಿಗೆ ತಾನೇ ಅಂಥ ಕರೆ ಬಂದಿರುವುದಿಲ್ಲ?

"ಬಂದಿತ್ತು ಕಣ್ರೀ," ಎಂದ ಮೆಲ್ಲಗೆ. "ಯಾವ್ದೋ ಇಂಗ್ಲೀಸಲ್ಲಿ ಬಂದಿತ್ತು. ಲೋನ್ ಕೊಡೋರು ಅನ್ಕಂಡು ಕಟ್ ಮಾಡ್ಬುಟ್ಟೆ. ಅಯ್ಯೋ, ನಾನೇ ಕಣವ್ವ ಮಾಡಿದ್ದು."

ತಪ್ಪು ತನ್ನದೇ ಇರಬೇಕು ಎಂದು ನಂಬಲು ಅವನಿಗೆ ಅಷ್ಟು ಸುಲಭವಾಗಿದ್ದು ಏಕೆ? ಅವನನ್ನು ನಂಬಿಸಬಹುದು ಎಂದು ನನಗೆ ಅಷ್ಟು ಬೇಗ ಹೊಳೆದದ್ದು ಏಕೆ? ಈ ಎರಡನೆಯ ಪ್ರಶ್ನೆಯ ಮುಂದೆ ನಾನು ಎಷ್ಟೋ ಸಂಜೆ ಕೂತಿದ್ದೇನೆ. ಉತ್ತರ ಗೊತ್ತಿದೆ. ಅವರ ಮನೆಯಲ್ಲಿ ಉಂಡರೆ ಹೋಗುವಂಥದ್ದಲ್ಲ ಅದು.

ಕೊನೆಗೆ ಒಂದು ಲಾರಿಯವನು ಹಗ್ಗ ಕಟ್ಟಿ ನಾರಾಯಣಘಾಟಿಗೆ ಎಳೆದು ತಂದ. ಹಬ್ಬದ ಹೊಸ್ತಿಲಲ್ಲಿ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಅಷ್ಟರಲ್ಲಿ ಕೆಂಪಮ್ಮನವರಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಪಕ್ಕದ ಊರಿನ ಆಸ್ಪತ್ರೆಗೆ ಸೇರಿಸಿದೆವು. ಆಮ್ಲಜನಕ ಕೊಟ್ಟು, ಸ್ವಲ್ಪ ಸುಧಾರಿಸಿದ ಮೇಲೆ ಅಲ್ಲಿನ ಡಾಕ್ಟರು ಖಂಡಿತವಾಗಿ ಹೇಳಿದರು — ಇನ್ನು ಇವರನ್ನು ಧೂಳಿನ ದಾರಿಯಲ್ಲಿ ಕರೆದೊಯ್ಯಬೇಡಿ, ವಿಮಾನದಲ್ಲಿ ನೇರ ಮನೆಗೆ ಕರೆದುಕೊಂಡು ಹೋಗಿ. ಲುಂಬಿನಿಯ ಮಾತು ಅಲ್ಲಿಗೆ ಮುಗಿಯಿತು.

ಗಾಡಿ ಸಿದ್ದರಾಜುವಿನ ಹೆಸರಲ್ಲಿ ಒಳಗೆ ಬಂದಿತ್ತು. ಅವನು ಬಿಟ್ಟು ಬರುವಂತಿರಲಿಲ್ಲ. ಗ್ಯಾರೇಜು ತೆರೆಯುವವರೆಗೆ ಅವನು ಅಲ್ಲೇ ಉಳಿಯುವುದು, ಅವನ ತಾಯಿಯನ್ನು ನಾನು ಕರೆದುಕೊಂಡು ಹೋಗುವುದು ಎಂದಾಯಿತು. ಅಲ್ಲಿಂದ ಕಠ್ಮಂಡುವಿಗೆ ಹೋಗುವ ಸಣ್ಣ ವಿಮಾನದ ಬಾಗಿಲಲ್ಲಿ ಅವನು ನನ್ನ ಕೈ ಹಿಡಿದು, "ನಿಮ್ ದ್ಯಾವ್ರ್ ದರ್ಸನಾನೂ ಆಳ್ ಮಾಡ್ಬುಟ್ಟೆ ಮೇಷ್ಟ್ರೇ," ಎಂದ. ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಪಶುಪತಿನಾಥನ ಗುಡಿ ತೀರಾ ಹತ್ತಿರ. ಮುಂದಿನ ವಿಮಾನಕ್ಕೆ ಬೇಕಾದಷ್ಟು ಹೊತ್ತಿತ್ತು. ಕೆಂಪಮ್ಮನವರ ಪಕ್ಕದಲ್ಲೇ ಕೂತಿದ್ದೆ, ಹೋಗಲಿಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತು.

ಕಠ್ಮಂಡುವಿನಿಂದ ಹೊರಟ ವಿಮಾನದಲ್ಲಿ ಕೆಂಪಮ್ಮನವರು ಕಿಟಕಿಯ ಪಕ್ಕ ಕೂತಿದ್ದರು. ಮೋಡವನ್ನು ಅಷ್ಟು ಎತ್ತರದಿಂದ ಮೊದಲ ಸಲ ನೋಡುತ್ತಿದ್ದರೂ ಅವರ ಗಮನ ಅಲ್ಲಿರಲಿಲ್ಲ. ನನ್ನ ಕಡೆ ತಿರುಗಿ, ನನ್ನ ಮುಂಗೈ ಮೇಲೆ ಕೈ ಇಟ್ಟರು.

"ಮಗ, ಸಿದ್ದು ಮೇಲೆ ಬೇಜಾರ್ ಮಾಡ್ಕಬ್ಯಾಡ. ಅವುನ್ಗೆ ಪೋನಲ್ಲಿ ಇಂಗ್ಲೀಸ್ ಅಂದ್ರೆ ಗಾಬ್ರಿ. ಬೇಕೂಂತ ಮಾಡ್ನಿಲ್ಲ. ಅವುನ್ ಪರ್ವಾಗಿ ನಾನ್ ಕೇಳ್ಕತೀನಿ, ಒಟ್ಟೆಗಾಕ್ಕಂಡ್ಬುಡು."

ಎಪ್ಪತ್ತು ದಾಟಿದ ಆ ತಾಯಿ, 'ನಮ್ಮಪ್ಪ' ಹುಟ್ಟಿದ ಜಾಗ ನೋಡದೆ ಹಿಂತಿರುಗುತ್ತಿದ್ದ ಆ ತಾಯಿ, ಮಗ ಮಾಡದ ತಪ್ಪಿಗೆ ನನ್ನ ಮುಂದೆ ಕ್ಷಮೆ ಕೇಳುತ್ತಿದ್ದರು. ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಯಾವುದಿತ್ತು? ಅಕ್ಕಪಕ್ಕ ನಮ್ಮ ಭಾಷೆ ತಿಳಿದವರು ಒಬ್ಬರೂ ಇರಲಿಲ್ಲ. ನಾನು ಏನೆಂದೆ ಗೊತ್ತೇ?

"ಇರ್ಲಿ ಬಿಡಿ ಅವ್ವ. ನಾನು ಏನೂ ಅಂದ್ಕೊಂಡಿಲ್ಲ."

ಕ್ಷಮಿಸಿದೆ. ನಾನು — ಅವರನ್ನು. ಅವರ ಮುಖ ಹಗುರಾಯಿತು. ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದರು.

ಸಿದ್ದರಾಜು ಅಷ್ಟು ದೂರವನ್ನೂ ಒಬ್ಬನೇ ಗಾಡಿ ಓಡಿಸಿಕೊಂಡು ಬಂದ. ಲುಂಬಿನಿಗೆ ತಿರುಗುವ ರಸ್ತೆ ಬಂದಾಗ ಗಾಡಿ ನಿಲ್ಲಿಸಿದ್ದನಂತೆ, ತಿರುಗಲಿಲ್ಲವಂತೆ. ಶಾಲೆಯಲ್ಲಿ ಯಾರೂ ಕೇಳುವ ಮೊದಲೇ, "ತಪ್ಪು ನಂದೇ, ಪೋನ್ ಕಟ್ ಮಾಡ್ಬುಟ್ಟಿದ್ದೆ," ಎಂದು ಹೇಳಿಕೊಂಡ. ಎಲ್ಲರೂ ನಕ್ಕರು. ನಾನೂ ತುಟಿ ಅಗಲಿಸಿದೆ. ಅಲ್ಲಿಂದಾಚೆಗೆ ಅವನು ಯಾವ ಕರೆಯನ್ನೂ ಕಟ್ ಮಾಡಲಿಲ್ಲ. ಸಾಲ ಕೊಡುವವರಿರಲಿ, ಸೈಟು ಮಾರುವವರಿರಲಿ, ಆಟದ ಮೈದಾನದ ಬಿಸಿಲಲ್ಲಿ ನಿಂತು, ಅವರು ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿ, "ಥ್ಯಾಂಕ್ಯೂ ಮೇಡಂ" ಎಂದ ಮೇಲೆಯೇ ಫೋನು ಜೇಬಿಗಿಡುತ್ತಿದ್ದ. ನಾನು ತರಗತಿಯ ಕಿಟಕಿಯಿಂದ ನೋಡುತ್ತಿದ್ದೆ.

ನೆಪ ಹೇಳಿ ಹೇಳಿ ಭಾನುವಾರದ ಊಟ ಬಿಟ್ಟೆ.  ನಿಧಾನವಾಗಿ ಅವನೂ ಕರೆಯುವುದನ್ನು ಬಿಟ್ಟ. ತನ್ನ ಮೇಲೆ ನನಗೆ ಒಳಗೆ ಇನ್ನೂ ಬೇಸರವಿದೆ ಎಂದು ತಿಳಿದಿರಬೇಕು. ಮರುವರ್ಷ ಮಳೆಗಾಲದಲ್ಲಿ ಕೆಂಪಮ್ಮನವರು ತೀರಿಕೊಂಡರು. ಆ ಪ್ರಯಾಣದಿಂದಲೇ ಎಂದು ನಾನು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಮಣ್ಣು ಹಾಕಿ ಬಂದಾಗ ಸಿದ್ದರಾಜು ನೆಂಟರಿಗೆ ನನ್ನನ್ನು ತೋರಿಸಿ, "ಅವ್ವನ್ನ ವಿಮಾನ್ದಲ್ಲಿ ಉಸಾರಾಗಿ ಕರ್ಕಬಂದೋರು ಇವ್ರೇ," ಎಂದ. ನೆಂಟರೆಲ್ಲ ಕೈ ಮುಗಿದರು.

ನಿವೃತ್ತಿಯಾಯಿತು. ಕಪಿಲೆಯ ದಡಕ್ಕೆ ಸಂಜೆ ಹೋಗಿ ಕೂತು ಬರುವುದು, ಒಬ್ಬನೇ ಒಂದು ಹಿಡಿ ಅನ್ನ ಬೇಯಿಸಿಕೊಳ್ಳುವುದು — ದಿನಗಳು ಹೀಗೇ ಹೋದವು. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿರುತ್ತಿರಲಿಲ್ಲ. ಆಡಬೇಕಾದ ಮಾತೊಂದನ್ನು ತಡೆದಿಟ್ಟವನಿಗೆ ಉಳಿದ ಮಾತುಗಳೂ ಬರುವುದಿಲ್ಲವೇನೋ.

ಹೋದ ತಿಂಗಳು ಸಿದ್ದರಾಜುವಿನ ಮಗಳು ನಂದಿನಿ ಹುಡುಕಿಕೊಂಡು ಬಂದಳು. ಈಗ ಮೈಸೂರಿನಲ್ಲಿ ನರ್ಸ್, ಮದುವೆಯಾಗಿದೆ. ಅಪ್ಪನನ್ನು ಲುಂಬಿನಿಗೆ ಕರೆದುಕೊಂಡು ಹೋಗಬೇಕು, ತಾನೂ ಗಂಡನೂ ಸರದಿಯ ಮೇಲೆ ಗಾಡಿ ಓಡಿಸುತ್ತೇವೆ, ಗಾಡಿ ಕೆಟ್ಟರೆ ಏನು ಮಾಡಬೇಕು ದೊಡ್ಡಪ್ಪ ಎಂದು ಕೇಳಿದಳು. ಒಂದೂ ಬಿಡದೆ ಹೇಳಿದೆ. ವಿಮೆ ಬೇರೆ, ನೆರವು ಬೇರೆ. ಆಚೆಯವರು ಒಪ್ಪಿದ್ದೇವೆ ಎಂದು ಬರೆದು ಕಳಿಸಿದ್ದನ್ನು ಕೈಯಲ್ಲಿ ಹಿಡಿದೇ ಗಡಿ ದಾಟಬೇಕು. ಇಲ್ಲಿನ ಉಚಿತ ನಂಬರುಗಳು ಅಲ್ಲಿಂದ ಸಿಗದೆ ಹೋಗಬಹುದು, ಬೇರೆ ನಂಬರು ಕೇಳಿಟ್ಟುಕೊಳ್ಳಬೇಕು. ಹಬ್ಬದ ದಿನ ನೋಡಿಕೊಂಡು ಹೊರಡಬೇಕು.

ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಹೇಳಿದಳು: "ಅಪ್ಪ ಬರಲ್ಲ ಅಂತಾರೆ ದೊಡ್ಡಪ್ಪ. ಅಜ್ಜೀಗೆ ತೋರಿಸದೆ ಹೋದೋನು ನಾನು, ನನಗೆ ಆ ಜಾಗ ನೋಡೋ ಯೋಗ್ಯತೆ ಇಲ್ಲ ಅಂತಾರೆ. ನೀವು ಒಂದು ಮಾತು ಹೇಳಿ. ನಿಮ್ಮ ಮಾತು ಅಂದ್ರೆ ಅವರಿಗೆ ನಂಬಿಕೆ."

ಮರುದಿನ ಬೆಳಿಗ್ಗೆ ಟಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಹೆಮ್ಮಿಗೆಗೆ ಆಟೋ. ಸಿದ್ದರಾಜು ಗದ್ದೆಯ ಬದುವಿನ ಮೇಲೆ ನಿಂತು ನೀರು ತಿರುಗಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?" ಎಂದು ಸಂತೋಷದಿಂದಲೇ ಕೇಳಿದ. ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು. ನಾನು ಕಳಿಸದೆ ಬಿಟ್ಟದ್ದು, ತಿರುವಿನಲ್ಲಿ ಕಟ್ಟಿದ ಮಾತು, ವಿಮಾನದಲ್ಲಿ ಅವನ ತಾಯಿ ಕೇಳಿದ್ದು, ನಾನು ಕೊಟ್ಟ ಉತ್ತರ. ಎಲ್ಲ.

ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. "ಅವ್ವ ಏನಂತ ಕೇಳುದ್ಲು? ಇನ್ನೊಂದ್ಸಲ ಯೋಳು," ಎಂದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದಿದ್ದ. ಅವರ ಮಾತನ್ನು ಅವರು ಹೇಳಿದ ಹಾಗೆಯೇ ಮತ್ತೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಅವತ್ತೇ ಯೋಳಿದ್ರೆ ನಾನ್ ನಗಾಡ್ಬುಡ್ತಿದ್ದೆ ಕಣೋ," ಎಂದ. "ನನ್ದು ಓಗ್ಲಿ. ನನ್ ಮಗ ಇಂಗ್ ಮಾಡ್ಬುಟ್ನಲ್ಲ ಅನ್ಕಂಡೇ ಸತ್ಲು ಅವ್ವ. ಈಗ ಅವ್ಳಿಗ್ಯಾರು ಯೋಳಾರು?"

 ಅವನು ಎದ್ದು, ಮಣ್ಣಿನ ಕೈಯನ್ನು ನೀರಲ್ಲಿ ಅದ್ದಿ, ಮನೆಯ ಕಡೆ ನಡೆದ. ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ರಸ್ತೆಗೆ ಬಂದು ಆಟೋಗೆ ಕಾದೆ.

ಆಮೇಲೆ ಒಂದು ದಿನ ನಂದಿನಿಯಿಂದ ಎರಡು ಸಾಲಿನ ಮೆಸೇಜು ಬಂತು — ಅಪ್ಪ ಹೊರಡಲು ಒಪ್ಪಿದ್ದಾರೆ. ಎಲ್ಲಾ ಹೇಳಿದ್ರು. 'ದೊಡ್ಡಪ್ಪ' ಎಂಬ ಪದ ಅದರಲ್ಲಿರಲಿಲ್ಲ. ಈ ವಾರ ಅವರು ದಾರಿಯಲ್ಲಿದ್ದಾರೆ. ಎಲ್ಲಿದ್ದೀರಿ ಎಂದು ಕೇಳುವ ಹಕ್ಕು ನನಗಿಲ್ಲ, ಕೇಳಿಲ್ಲ.

ಅಂದು ಸ್ಟಾಫ್ ರೂಮಿನಲ್ಲಿ ನಕ್ಕವರ ಮನೆಗಳಿಗೆ ಒಂದೊಂದಾಗಿ ಹೋಗಿ ನಿಜ ಹೇಳುತ್ತಿದ್ದೇನೆ. ಹಳೆಯ ಹೆಡ್‌ಮಾಸ್ಟರು ಕಾಫಿ ತರಿಸಿ, "ಬಿಡ್ರೀ ಶ್ರೀಕಂಠಯ್ಯ, ಯಾವ ಕಾಲದ ಕಥೆ, ಮನುಷ್ಯ ಅಂದ್ಮೇಲೆ ಆಗುತ್ತೆ," ಎಂದರು. ಉಳಿದವರೂ ಹೆಚ್ಚುಕಡಿಮೆ ಹಾಗೇ ಅಂದರು. ನನ್ನನ್ನು ಕ್ಷಮಿಸುವುದು ಇವರಿಗೆಲ್ಲ ಎಷ್ಟು ಸುಲಭ! ಸಿದ್ದರಾಜುವನ್ನು ನೋಡಿ ನಗುವುದೂ ಅಷ್ಟೇ ಸುಲಭವಾಗಿತ್ತು. ಕಾಫಿ ಕುಡಿಯದೆ ಎದ್ದುಬರುತ್ತೇನೆ. ಇನ್ನೂ ಮೂರು ಮನೆಗಳಿವೆ. ಹದಿನಾರು ಎಂಬ ಊರಿನಲ್ಲಿ ಒಬ್ಬರಿದ್ದಾರೆ, ನಾಳೆ ಅಲ್ಲಿಗೆ ಹೋಗಬೇಕು.

ಸಿದ್ದರಾಜು ಮಾತ್ರ ಈವರೆಗೆ ಏನೂ ಹೇಳಿ ಕಳಿಸಿಲ್ಲ. ಹೇಳಬೇಕಾಗಿಯೂ ಇಲ್ಲ.